ಸ್ಟೇರಿಂಗ್ ಬಿಟ್ಟ ಕೈಗಳು

ಗಾಳಿಕೇರಿ, ಕಪ್ಪತಗುಡ್ಡದ ಬುಡ
ಇಸವಿ 2179, ಹದಿಮೂರನೆಯ ತಿಂಗಳ ಇಪ್ಪತ್ತನೆಯ ದಿನ

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯಾದ ಸುವರ್ಣಾ ಅಂಗಡಿ ಅವರಿಗೆ ಶಿವಲೀಲಾ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಉಳಿಯುವ ಒಂದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಅವತ್ತು ಊರಿಗೆ ಊರೇ ಮಧ್ಯಾಹ್ನದವರೆಗೆ ಮಲಗಿರುತ್ತದೆ. ನನ್ನ ಮಾತುಗಳಲ್ಲಿಯೂ ನಿಮಗೆ ಪರಿಚಯವಿಲ್ಲದವು ಹಲವು ಬರುತ್ತವೆ. ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಅರ್ಥವಾಗದೆ ಉಳಿದರೆ ದಯಮಾಡಿ ಕ್ಷಮಿಸಿ. ಕ್ಷಮೆ ಕೇಳಬೇಕಾದ ದೊಡ್ಡ ಸಂಗತಿ ಮುಂದೆ ಇದೆ, ಇದು ಅದರ ಮುಂದೆ ಏನೂ ಅಲ್ಲ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಊರಿನ ಪರವಾಗಿ ಯಾವುದೇ ಹೊಣೆ ಹೊತ್ತವರು ಒಂದು ತಿಂಗಳ ಒಳಗೆ ತಮ್ಮ ಹಿರೀಕರಲ್ಲಿ ಒಬ್ಬರಿಗೆ ಓಲೆ ಬರೆದು, ಬೇವಿನಕಟ್ಟೆಯ ಮೇಲೆ ನಿಂತು, ಎಲ್ಲರೆದುರು ತಾವೇ ಓದಬೇಕು. ನೀರಿನ ಉಸ್ತುವಾರಿಯವರೂ ಶಾಲೆಯವರೂ ಓದಿದ್ದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಿಜ ಹೇಳಬೇಕೆಂದರೆ ಹೆಚ್ಚಿನವು ಹೊಗಳಿಕೆಯ ಓಲೆಗಳೇ. ಹಿರಿಯರನ್ನು ಹೊಗಳುವ ನೆಪದಲ್ಲಿ ತಮ್ಮನ್ನು ತಾವೇ ಹೊಗಳಿಕೊಂಡು, ಚಪ್ಪಾಳೆ ಹೊಡೆಸಿಕೊಂಡು ಇಳಿಯುತ್ತಾರೆ. ನಾನೂ ಅಂಥದ್ದೊಂದನ್ನು ನಾಲ್ಕು ಪುಟ ಬರೆದಿದ್ದೆ. ಅದನ್ನು ನಿನ್ನೆ ಹರಿದು ಒಲೆಗೆ ಹಾಕಿದೆ. ಇದು ಎರಡನೆಯದು, ನಾಳೆ ಬೆಳಿಗ್ಗೆ ಓದಬೇಕಾದದ್ದು.

ಇಷ್ಟೆಲ್ಲ ಹಿರೀಕರಿರುವಾಗ ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮ ನೋಟ್‌ಬುಕ್ ನನ್ನ ಹತ್ತಿರ ಇದೆ. ರಟ್ಟು ಹೋಗಿದೆ, ಅಂಚುಗಳನ್ನು ಹುಳ ತಿಂದಿದೆ, ಅಕ್ಷರ ಮಾತ್ರ ಗಟ್ಟಿಯಾಗಿ ನಿಂತಿವೆ. ನಲವತ್ತಮೂರನೆಯ ವಯಸ್ಸಿನಲ್ಲಿ, ಗದಗಿನಿಂದ ಇಪ್ಪತ್ತೆರಡು ಕಿಲೋಮೀಟರು ದೂರದ ಶಾಲೆಗೆ ಬಸ್ಸು ಸರಿಯಾಗಿ ಸಿಗುವುದಿಲ್ಲವೆಂದು ನೀವು ದಸ್ತಗೀರ್ ಸರ್ ಹತ್ತಿರ ಕಾರು ಕಲಿಯಲು ಹೊರಟಿರಿ. ದಿನವೂ ಕಲಿತದ್ದನ್ನು ಸಂಜೆ ಬರೆದಿಟ್ಟಿರಿ. "ಇವತ್ತು ಗಾಡಿ ಹನ್ನೊಂದು ಸಲ ಬಂದ್ ಬಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ನಾನು ಅತ್ತೆ. ದಸ್ತಗೀರ್ ಸರ್ ಕಿಟಕಿಯ ಹೊರಗೆ ನೋಡುತ್ತ ಕೂತರು." ಇದನ್ನು ನಾನು ಎಷ್ಟು ಸಲ ಓದಿದ್ದೇನೋ. ಟೆಸ್ಟಿಗೆ ಹೋದ ಎರಡು ದಿನಗಳ ಪುಟಗಳೂ ಇವೆ. ಒಂದರಲ್ಲಿ, "ಎಂಟು ಹಾಕುವಾಗ ಕಂಬ ಬಿತ್ತು. ನಪಾಸು." ಇನ್ನೊಂದರಲ್ಲಿ, "ರಿವರ್ಸಿನಲ್ಲಿ ಗೆರೆ ದಾಟಿದೆ. ನಪಾಸು." ಎರಡರ ಕೆಳಗೂ ಯಾರೂ ಕೇಳದಿದ್ದರೂ ರುಜು ಮಾಡಿದ್ದೀರಿ, ಹಾಜರಿ ಪುಸ್ತಕದಲ್ಲಿ ಮಾಡುವ ಹಾಗೆ. ಆಮೇಲಿನ ಪುಟಗಳು ಖಾಲಿ. ಕೊನೆಗೆ ನೀವು ಪಾಸಾದಿರೋ ಇಲ್ಲವೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ನಮ್ಮ ಗಾಡಿಗಳ ವಿಷಯ. ನಾವು ಓಡಾಡುವುದು ಹೇಳುಬಂಡಿಗಳಲ್ಲಿ. ಹತ್ತಿ ಕೂತು, ಹೋಗಬೇಕಾದ ಊರಿನ ಹೆಸರು ಹೇಳಿ, ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಮಡಿಲಲ್ಲಿ ಇಟ್ಟರೆ ಸಾಕು, ಬಂಡಿ ತಾನೇ ಹೊರಡುತ್ತದೆ. ಅಂಗೈ ಕಾಣುವವರೆಗೆ ಅದು ಅಲುಗುವುದಿಲ್ಲ. ಯಾರಾದರೂ ಬಾಗಿಲಿಗೆ ಕೈ ಸಿಕ್ಕಿಸಿಕೊಂಡಾರು ಎಂಬ ಮುಂಜಾಗ್ರತೆ. ಇದಕ್ಕೆ ಕೈ ಒಪ್ಪಿಸುವುದು ಎನ್ನುತ್ತೇವೆ. ಮಾತು ಬರುವ ಮೊದಲೇ ನಮ್ಮ ಮಕ್ಕಳಿಗೆ ಕೈ ಒಪ್ಪಿಸುವುದು ಬರುತ್ತದೆ. ತೊಟ್ಟಿಲು ಜೋರಾಗಿ ತೂಗಿದರೂ ಕೂಸಿನ ಅಂಗೈಗಳು ಮೇಲಾಗುತ್ತವೆ. ದೊಡ್ಡವರೂ ಅಷ್ಟೇ: ಬಂಡಿ ಗಕ್ಕನೆ ಕುಲುಕಿದರೆ, ಗುಡುಗು ಬಡಿದರೆ, ಕೆಟ್ಟ ಸುದ್ದಿ ಕೇಳಿದರೆ ಕೈಗಳು ತಾವಾಗಿಯೇ ಮಡಿಲಿಗೆ ಬರುತ್ತವೆ. ನಿಮ್ಮ ಕಾಲದವರು ಹೆದರಿದರೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಿದ್ದರಂತೆ. ನಾವು ಬಿಡುತ್ತೇವೆ.

ಆದರೆ ವರ್ಷಕ್ಕೊಮ್ಮೆ ಕೆಂಧೂಳಿ ಬೀಸುತ್ತದೆ. ಸುಮಾರು ಹದಿನೆಂಟು ದಿನ ಗುಡ್ಡ ಕಾಣುವುದಿಲ್ಲ, ಬಾವಿಗೆ ಹಾಸಿದ ಬಟ್ಟೆ ಸಂಜೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ, ರೊಟ್ಟಿಯಲ್ಲಿ ಹಲ್ಲಿಗೆ ಮಣ್ಣು ಸಿಗುತ್ತದೆ. ಆಗ ಹೇಳುಬಂಡಿಗಳು ಕಣ್ಣು ಕಟ್ಟಿ ಇದ್ದಲ್ಲೇ ನಿಲ್ಲುತ್ತವೆ. ಹೆರಿಗೆ, ಹಾವುಕಡಿತ, ಎದೆನೋವು ಕೆಂಧೂಳಿ ನೋಡಿಕೊಂಡು ಬರುವುದಿಲ್ಲವಲ್ಲ. ಅದಕ್ಕಾಗಿ ಪ್ರತಿ ಊರೂ ಒಂದು ಕೈಗಾಡಿ ಇಟ್ಟುಕೊಂಡಿರಬೇಕು. ನಿಮ್ಮ ಕಾಲದಲ್ಲಿ ಈ ಹೆಸರು ತರಕಾರಿ ಮಾರುವವರ ತಳ್ಳುಗಾಡಿಗೆ ಇತ್ತಂತೆ. ನಮಗೆ ಇದು ನಿಮ್ಮ ಕಾರಿನ ಹಾಗೆಯೇ ಸ್ಟೇರಿಂಗ್, ಕ್ಲಚ್ಚು, ಗೇರು ಇರುವ, ಹೊಂಗೆ ಎಣ್ಣೆಯಲ್ಲಿ ಓಡುವ ಗಾಡಿ. ಅದನ್ನು ಓಡಿಸಲು ಕೈಸನ್ನದು ಪಡೆದವರು ಊರಿಗೆ ಇಬ್ಬರಾದರೂ ಇರಬೇಕು. ಸನ್ನದು ಎಂದರೆ ಕೊರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಕೀಲಿ. ನಮ್ಮ ಊರಲ್ಲಿ ಮೂರು ವರ್ಷದಿಂದ ಒಬ್ಬರೇ ಇದ್ದರು, ಫಕೀರಪ್ಪ ಕಾಕಾ. ವಯಸ್ಸು ಎಪ್ಪತ್ತು. ಮೂವತ್ತೊಂದು ವರ್ಷ ಕೆಂಧೂಳಿಯಲ್ಲಿ ಗದಗಿಗೆ ಹೋಗಿಬಂದವರು. ಒಂದು ಕಲ್ಲಿಗೂ ಗಾಡಿ ತಾಗಿಸಿದವರಲ್ಲ. ಎರಡನೆಯವರು ಬೇಕೆಂದು ಕಟ್ಟೆಯಲ್ಲಿ ಕೇಳಿದಾಗ ನಾನು ಕೈ ಎತ್ತಿದೆ. ಊರಸೇವೆಯ ಹಂಬಲ ಎಂದು ಮೊದಲ ಓಲೆಯಲ್ಲಿ ಬರೆದಿದ್ದೆ. ಆ ಕೀಲಿ ನನ್ನ ಕೊರಳಲ್ಲಿ ಚೆನ್ನಾಗಿ ಕಂಡೀತು ಎಂಬುದೂ ಮನಸ್ಸಿನಲ್ಲಿತ್ತು.

ಕಲಿಯುವುದು ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೊದಲ ದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಗಂಭೀರವಾಗಿ "ಡಂಬಳ" ಎಂದು ಹೇಳಿ ಕೈ ಒಪ್ಪಿಸಿ ಕೂತೆ. ಕಾಕಾ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಈ ಗಾಡಿ ಕಿವುಡೈತೆವಾ. ಇದಕ್ಕ ಕೈ ಅಷ್ಟ ತಿಳಿತೈತಿ," ಎಂದರು. ಕ್ಲಚ್ಚು ಬಿಡುವಾಗ ಗಾಡಿ ಕಪ್ಪೆಯ ಹಾಗೆ ಹಾರಿ ಸಾಯುತ್ತಿತ್ತು. ಒಂದು ದಿನ ಎಣಿಸಿದೆ, ಹದಿನಾಲ್ಕು ಸಲ. ನಿಮ್ಮನ್ನು ಮೀರಿಸಿದೆನಲ್ಲ ಎಂದುಕೊಂಡೆ. ಕಾಕಾ ಮುಂದಿನ ಗಾಜಿನ ಕೆಳಗೆ ಒಂದು ಲೋಟ ಮಜ್ಜಿಗೆ ಇಡುತ್ತಿದ್ದರು. ಚೆಲ್ಲಿದರೆ ಒರೆಸುವುದು ನನ್ನ ಕೆಲಸ, ಚೆಲ್ಲದಿದ್ದರೆ ಕುಡಿಯುವುದು ಅವರ ಕೆಲಸ. ಎರಡು ತಿಂಗಳು ಒರೆಸಿದೆ. ಗಾಡಿಯ ತುಂಬ ಹುಳಿ ವಾಸನೆ. ಮೂರನೆಯ ತಿಂಗಳು ಅವರು ಮೊದಲ ಬಾರಿ ಲೋಟ ಎತ್ತಿ ಕುಡಿದು, ಮೀಸೆ ಒರೆಸಿಕೊಂಡು, "ಉಪ್ಪು ಕಮ್ಮಿ ಆಗೇತಿ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಒಂದು ಖೋಡಿ ಚಟ ಮಾತ್ರ ಹೋಗಲಿಲ್ಲ. ಎದುರಿಗೆ ಏನಾದರೂ ಫಕ್ಕನೆ ಬಂದರೆ ನನ್ನ ಕೈಗಳು ಸ್ಟೇರಿಂಗ್ ಬಿಟ್ಟು ಮಡಿಲಿಗೆ ಬರುತ್ತಿದ್ದವು. ಒಮ್ಮೆ ನಾಯಿ ಬಂದಾಗ, ಒಮ್ಮೆ ಗಾಳಿಗೆ ಹಾರಿಬಂದ ಬುಟ್ಟಿಗೆ. ಎರಡೂ ಸಲ ಕಾಕಾ ಹೆಗಲ ಟವೆಲಿನಿಂದ ಕೈಗೆ ಹೊಡೆದು, "ಕೈ! ಕೈ!" ಎಂದು ಕೂಗಿದರು. ಇನ್ನೂ ಎರಡು ತಿಂಗಳು ಹೋಗಲಿ, ಆಮೇಲೆ ಪರೀಕ್ಷೆಗೆ ಹೋಗೋಣ ಎಂದರು. ಕೆಂಧೂಳಿ ಹತ್ತಿರ ಬಂತು, ಈಗಲೇ ಕೊಡುತ್ತೇನೆ ಎಂದು ಹಟ ಹಿಡಿದವಳು ನಾನು.

ಪರೀಕ್ಷೆ ಹನ್ನೆರಡನೆಯ ತಿಂಗಳ ಇಪ್ಪತ್ತಾರಕ್ಕೆ ಇತ್ತು. ಗದಗಿನಿಂದ ಪರೀಕ್ಷಕಿ ಹಸೀನಾ ಬಾಯಿ ಬಂದಿದ್ದರು. ಅವರು ಹಿಂದಿನ ಸೀಟಿನಲ್ಲಿ, ಕಾಕಾ ನನ್ನ ಪಕ್ಕದಲ್ಲಿ. ಗುರುವಿನ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದೆ, ಆದರೆ ಪರೀಕ್ಷೆಯಲ್ಲಿ ಅವರು ಅದನ್ನು ಮುಟ್ಟಿದರೂ ಸ್ಟೇರಿಂಗಿಗೆ ಕೈ ಹಾಕಿದರೂ ಶಿಷ್ಯೆ ನಪಾಸು. ಒಂದು ವಿನಾಯಿತಿ ಇದೆ. ಅಗತ್ಯವೇ ಇಲ್ಲದೆ ಗುರು ಗಾಬರಿಯಿಂದ ಕೈ ಹಾಕಿದ್ದರೆ ಶಿಷ್ಯೆಗೆ ತೊಂದರೆ ಇಲ್ಲ. ಗುರುವಿನ ಸನ್ನದು ಅಲ್ಲಿಗೆ ಮುಗಿಯಿತು, ಗಾಬರಿಬೀಳುವ ಕೈ ಊರಿಗೆ ಬೇಡವೆಂದು. ನಾನು ಎಂಟು ಹಾಕಿದೆ, ನಿಮ್ಮನ್ನು ನೆನೆದುಕೊಂಡೇ ಹಾಕಿದೆ, ಕಂಬ ಬೀಳಲಿಲ್ಲ. ಹಿಂದಕ್ಕೆ ತೆಗೆದೆ, ಗೆರೆ ದಾಟಲಿಲ್ಲ. ಉಳಿದದ್ದು ಗಾಳಿಗಿರಣಿಯ ಇಳಿಜಾರು ಒಂದೇ. ಅರ್ಧ ಇಳಿದಾಗ ಒಂದು ಸುತ್ತು ಧೂಳು ಎದ್ದಿತು. ಧೂಳು ಸರಿದಾಗ ರಸ್ತೆಯ ನಡುವೆ ಹೊನ್ನವ್ವಾಯಿ ನಿಂತಿದ್ದರು, ಸೊಂಟದ ಮೇಲೆ ಕೊಡ, ಗಾಡಿಗೆ ಮುಖ ಮಾಡಿ. ನಮ್ಮ ಓಣಿಯ ಮುದುಕಿ, ನಾನು ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡವರು.

ನನ್ನ ಕೈಗಳು ಮಡಿಲಿಗೆ ಬಂದವು. ಅಂಗೈ ಮೇಲಾದವು. ನಾಲಿಗೆ ತಾನಾಗಿಯೇ ಹೊರಳಿ "ಗಾಳಿಕೇರಿ, ಮನೆ" ಎಂದು ಮೆಲ್ಲಗೆ ಹೇಳಿತು. ಕಿವುಡು ಗಾಡಿ ಇಳಿಯುತ್ತಲೇ ಇತ್ತು. ಕಾಕಾ ಅಡ್ಡ ಬಾಗಿ ಸ್ಟೇರಿಂಗ್ ತಿರುಗಿಸಿ, ತಮ್ಮ ಬ್ರೇಕು ತುಳಿದರು. ದನಗಳು ನೀರು ಕುಡಿಯುವ ಕಲ್ಲುಬಾನಿಗೆ ಬಡಿದು ಗಾಡಿ ನಿಂತಿತು. ಹೊನ್ನವ್ವಾಯಿ ಕೊಡ ಬಿಟ್ಟು ರಸ್ತೆಯಲ್ಲೇ ಕುಸಿದು ಕೂತರು. ಏನೂ ಆಗಿರಲಿಲ್ಲ, ಸೀರೆ ತೊಯ್ದಿತ್ತು ಅಷ್ಟೇ.

ಹಸೀನಾ ಬಾಯಿಗೆ ಹಿಂದಿನಿಂದ ನನ್ನ ತಲೆ ಕಾಣುತ್ತಿತ್ತು, ಮಡಿಲು ಕಾಣುತ್ತಿರಲಿಲ್ಲ. ಎಂಜಿನ್ನಿನ ಸದ್ದಿಗೆ ನನ್ನ ಮಾತೂ ಕೇಳಿಸಿರಲಿಲ್ಲ. ಅವರು ಇಳಿದು ಬಂದು, ಯಾರು ಕೈ ಹಾಕಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿಬಿಟ್ಟರು. "ನಾನ್ರೀ ಬಾಯಾರ. ಹುಡುಗಿ ಬ್ರೇಕ್ ಹಾಕಾಕತ್ತಿದ್ಲು, ನಾನ ಗಾಬ್ರ್ಯಾಗಿ ನಡುವ ಕೈ ಹಾಕಿದೆ. ವಯಸ್ಸಾತಲ್ರೀ."

ಹಸೀನಾ ಬಾಯಿ ನನ್ನ ಕಡೆ ತಿರುಗಿ, "ಹೌದೇನವಾ?" ಎಂದರು.

ಅಜ್ಜಿ, ನಾನು ಹೌದೆಂದು ತಲೆ ಆಡಿಸಿದೆ. ಸುಳ್ಳು ಹೇಳಲು ಬಾಯಿಯನ್ನೂ ತೆರೆಯಲಿಲ್ಲ, ಅಷ್ಟು ಅಗ್ಗಕ್ಕೆ ಮುಗಿಸಿದೆ. ಯಾರೋ ನನ್ನ ಕತ್ತು ಹಿಡಿದು ಆಡಿಸಿದರೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾರೂ ಹಿಡಿದಿರಲಿಲ್ಲ. ಪಾಸಾಗುವ ಆಸೆ ಇತ್ತು, ಎಲ್ಲರೆದುರು ನಪಾಸಾಗುವ ಭಯ ಇತ್ತು, ತಲೆ ಆಡಿತು.

ಹೊಸ ಕೀಲಿ ಇನ್ನೂ ಎರಕವಾಗಿರಲಿಲ್ಲ. ಹಸೀನಾ ಬಾಯಿ ಕಾಕಾನ ಕೊರಳಿನಿಂದ ತೆಗೆದು ಅದೇ ಕೀಲಿಯನ್ನು ನನಗೆ ಹಾಕಿದರು. ದಾರ ಮೂವತ್ತೊಂದು ವರ್ಷದ ಬೆವರಿಗೆ ಕಪ್ಪಾಗಿತ್ತು, ಹೊಂಗೆ ಎಣ್ಣೆಯ ವಾಸನೆ ಬರುತ್ತಿತ್ತು. ಸಂಜೆ ನಮ್ಮ ಮನೆಯಲ್ಲಿ ಹೋಳಿಗೆ. ಅವ್ವ ಕಾಕಾನನ್ನೂ ಕರೆದಳು, ಅವರು ಬಂದು, ಉಂಡು, "ಛಲೋ ಆಗ್ಯಾವು" ಎಂದು ಹೇಳಿ ಹೋದರು. ನಾನು ಎರಡು ಹೋಳಿಗೆ ತಿಂದೆ. ತುಪ್ಪ ಹಾಕಿಸಿಕೊಂಡು ತಿಂದೆ. ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಮರುದಿನ ಅವರ ಮನೆಗೆ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕೆಂಧೂಳಿ ತಲೆಯ ಮೇಲೆ ಬಂದಿದೆ, ನೀನು ನಪಾಸಾದರೆ ಮತ್ತೆ ಪರೀಕ್ಷೆಗೆ ಆರು ತಿಂಗಳು, ನನಗೇ ಏನಾದರೂ ಆದರೆ ಊರಿಗೆ ಯಾರು ಎಂದರು. "ನನ್ನ ಕೀಲಿ ಇವತ್ತಿಲ್ಲಾ ನಾಳಿ ಇಳಿಯೂದ. ನೀ ಕೈ ಒಂದು ಗಟ್ಟಿ ಮಾಡ್ಕೊ." ಅಷ್ಟರಲ್ಲೇ ಮುಗಿಸಿದರು. ನಾನೂ ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ. ಆದರೆ ಊರು ಸುಮ್ಮನಾಗಲಿಲ್ಲ. ಚಹಾದಂಗಡಿಯಲ್ಲಿ ಕಾಕಾನ ಕೈಗೆ ಲೋಟ ಕೊಡುವಾಗ "ಚೆಲ್ಲೀರಿ, ಹುಷಾರ್ರಿ" ಎನ್ನತೊಡಗಿದರು. ಅವರ ಕೈ ನಡುಗುತ್ತದೆ ಎಂಬ ಸುದ್ದಿ ಎರಡು ದಿನದಲ್ಲಿ ಊರೆಲ್ಲ ಹರಡಿತು. ನಡುಗದ ಕೈ ಅದು. ಚಹಾದಂಗಡಿಯ ಮುಂದೆ ನಾನು ಹಾದುಹೋದರೆ ಕೂತವರೆಲ್ಲ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು, ನಾನು ತಿರುಗಿ ಕೈ ಮುಗಿಯುತ್ತಿದ್ದೆ.

ಈ ವರ್ಷ ಕೆಂಧೂಳಿ ಬೇಗನೆ ಬಂತು. ಈ ತಿಂಗಳ ಹದಿನಾಲ್ಕರಂದು ಮಧ್ಯಾಹ್ನ ಹೊನ್ನವ್ವಾಯಿಗೆ ಎದೆನೋವು. ನಾನು ಕೈಗಾಡಿಯನ್ನು ಓಣಿಯ ತುದಿಗೆ ತಂದು ನಿಲ್ಲಿಸಿದೆ. ಅವರ ಮನೆಯವರು ಮಂಚದ ಸಮೇತ ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾಕಾ ಓಡಿಬಂದಿದ್ದರು. ಪಕ್ಕದಲ್ಲಾದರೂ ಕೂಡುತ್ತೇನೆ ಎಂದರು. "ಕಾಕಾ, ನೀ ಅತ್ತಾಗ ಸರಿ, ನಿನ್ನ ಕೈ ನಡಗ್ತಾವು," ಎಂದು ಯಾರೋ ಅವರನ್ನು ಹಿಂದಕ್ಕೆ ತಳ್ಳಿದರು. ಅವರು ತಮ್ಮ ರುಮಾಲಿನ ತುದಿ ಹರಿದು, ಕಿಟಕಿಯೊಳಗೆ ಕೈ ಚಾಚಿ, ನನ್ನ ಬಲಗೈಯನ್ನು ಸ್ಟೇರಿಂಗಿಗೆ ಕಟ್ಟಿದರು, ತಿರುಗಲು ಬೇಕಾದಷ್ಟು ಸಡಿಲ ಬಿಟ್ಟು. ಎಡಗೈ ಗೇರಿಗೆ ಬೇಕಲ್ಲ. ಗಂಟು ಹಾಕುವಾಗ ಅವರ ಬೆರಳುಗಳನ್ನು ನೋಡಿದೆ, ಸೂಜಿಗೆ ದಾರ ಪೋಣಿಸುವವರ ಬೆರಳಿನ ಹಾಗೆ ಸ್ಥಿರವಾಗಿದ್ದವು. ಸುತ್ತ ನಿಂತ ಅಷ್ಟು ಜನ ಅದನ್ನು ನೋಡಿದರು, ಯಾರಿಗೂ ಕಾಣಲಿಲ್ಲ.

ನಲವತ್ತು ಕಿಲೋಮೀಟರಿಗೆ ಮೂರು ತಾಸು ಹಿಡಿಯಿತು. ದಾರಿಯಲ್ಲಿ ನಾಲ್ಕು ಸಲ ಕೈ ಮಡಿಲಿಗೆ ಹೊರಟಿತು, ನಾಲ್ಕು ಸಲವೂ ರುಮಾಲು ತಡೆಯಿತು. ಮುದುಕಿ ಉಳಿದರು. ಆಸ್ಪತ್ರೆಯ ಹೊರಗೆ ಎಲ್ಲರೂ ನನ್ನ ಬೆನ್ನು ತಟ್ಟಿದರು.

ನಾಲ್ಕು ದಿನ ಬಿಟ್ಟು ಮೊನ್ನೆ ಅವರನ್ನು ಕರೆತರುವಾಗ ಧೂಳು ಇನ್ನೂ ಇತ್ತು. ಹೊನ್ನವ್ವಾಯಿ ಹಟ ಮಾಡಿ ನನ್ನ ಪಕ್ಕದಲ್ಲೇ ಕೂತರು. ನಾನು ಹಲ್ಲಿನಿಂದ ಎಳೆದು ಬಲಗೈ ಕಟ್ಟಿಕೊಳ್ಳುವುದನ್ನು ಸುಮ್ಮನೆ ನೋಡಿದರು. ಡಂಬಳ ದಾಟಿದ ಮೇಲೆ ಕೇಳಿದರು, "ಹಿಂಗ ಕಟಗೊಂಡು ಎಷ್ಟ್ ದಿನಾ ನಡಸ್ತೀ ಶಿವಲೀಲಾ?"

ಧೂಳಿಗೆ ಜಾರುತ್ತದೆ ಆಯಿ, ಅದಕ್ಕೇ ಎಂದೆ.

"ಅವತ್ತ ನಾ ಗಾಡಿಗೆ ಮಾರಿ ಮಾಡಿ ನಿಂತಿದ್ದೆ. ನಿನ್ನ ಕೈ ಎಲ್ಲಿದ್ದೂ ನೋಡೀನಿ."

ನನ್ನ ಕಾಲು ತಪ್ಪಿ ಗಾಡಿ ಬಂದ್ ಬಿತ್ತು. ಧೂಳಿನ ನಡುವೆ ನಿಂತೆವು. ಹಾಗಾದರೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳುವಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ.

"ಹೇಳಾಕ ನಿನಗ ಬಾಯಿ ಐತೆಲ್ಲಾ ಅಂತ ಸುಮ್ಮನಿದ್ದೆ," ಎಂದು ಹೊನ್ನವ್ವಾಯಿ ಕಿಟಕಿಯ ಹೊರಗೆ ನೋಡುತ್ತ ಕೂತರು, ನಿಮ್ಮ ದಸ್ತಗೀರ್ ಸರ್ ಕೂತ ಹಾಗೆ. ನಾನು ಮುಗಿಸುವವರೆಗೆ ಕಾದರು. ಆಮೇಲೆ, ಹೊರಡು, ಮನೆಯಲ್ಲಿ ದಾರಿ ಕಾಯುತ್ತಾರೆ ಎಂದರು.

ಮನೆಗೆ ಬಂದು ಮೊದಲ ಓಲೆಯನ್ನು ಓದಿ ನೋಡಿದೆ. "ನನ್ನ ಗುರುಗಳ ವಯೋಸಹಜ ತಪ್ಪನ್ನು ನಾನು ದೊಡ್ಡ ಮನಸ್ಸಿನಿಂದ ಮರೆತಿದ್ದೇನೆ" ಎಂದು ಒಂದು ವಾಕ್ಯ ಇತ್ತು. ನಾನೇ ಬರೆದದ್ದು, ಅಕ್ಷರ ದುಂಡಗಿದ್ದವು. ಅದನ್ನು ಇಲ್ಲಿ ಮತ್ತೆ ಬರೆದಿಡುತ್ತಿದ್ದೇನೆ, ನಾಳೆ ಇದನ್ನೂ ಓದಬೇಕು.

ಕಟ್ಟೆಯ ಮೇಲೆ ಕೂತು ಇದನ್ನು ಕೇಳುತ್ತಿರುವ ಹಿರಿಯರೇ, ಈಗ ನಿಮ್ಮಲ್ಲಿ ಒಂದು ಬಿನ್ನಹ. ಪರೀಕ್ಷೆಯ ದಿನ ಕೈ ಬಿಟ್ಟವಳು ನಾನು. ಫಕೀರಪ್ಪ ಕಾಕಾ ಅವತ್ತು ಹೊನ್ನವ್ವಾಯಿಯನ್ನೂ ನನ್ನನ್ನೂ ಉಳಿಸಿದರು, ಆಮೇಲೆ ನನ್ನ ಮಾನವನ್ನೂ ಉಳಿಸಹೋದರು. ಅವರು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಅವರು ಸುಳ್ಳು ಹೇಳಿದರು, ಊರಿಗಾಗಿ ಹೇಳಿದರು. ನಾನು ತಲೆ ಆಡಿಸಿದ್ದು ನನಗಾಗಿ. ಅವರ ಕೈ ನಡುಗುವುದಿಲ್ಲ. ಕೆಂಧೂಳಿ ಇನ್ನೂ ಒಂದು ವಾರ ಇದೆ, ಕಡೆಮನೆಯ ಸೊಸೆಗೆ ದಿನ ತುಂಬಿವೆ, ಅವಳನ್ನು ಕರೆದೊಯ್ಯಬೇಕಾದದ್ದು ಆ ಕೈಗಳು. ಹಸೀನಾ ಬಾಯಿಗೂ ಇದರ ಪ್ರತಿ ಕಳಿಸುತ್ತಿದ್ದೇನೆ. ಅವರು ಕೊಡುವ ಶಿಕ್ಷೆ ನನಗಿರಲಿ. ಕೀಲಿಯನ್ನು ಈ ಓಲೆಯ ಪಕ್ಕದಲ್ಲೇ ಇಟ್ಟಿದ್ದೇನೆ. ದಾರ ಬದಲಿಸಿಲ್ಲ.

ಕಾಕಾ, ನೀವು ಎದುರಿಗೇ ಕೂತಿರುತ್ತೀರಿ. ನಿಮ್ಮ ಮುಖ ನೋಡಿ ಇದನ್ನು ಓದಲು ನನ್ನಿಂದ ಆಗಲಿಕ್ಕಿಲ್ಲ, ಕಾಗದ ನೋಡಿಯೇ ಓದುತ್ತೇನೆ. ತಪ್ಪಾಯಿತು. ಮನಸ್ಸಾದರೆ ಮತ್ತೆ ಮೊದಲಿನಿಂದ ಕಲಿಸಿ. ಮಜ್ಜಿಗೆ ನಮ್ಮ ಮನೆಯಿಂದಲೇ ತರುತ್ತೇನೆ.

ಸುವರ್ಣಜ್ಜಿ, ನಿಮಗೆ ಹೇಳುವುದು ಸ್ವಲ್ಪವೇ ಉಳಿದಿದೆ. ನೀವು ಮೂರನೆಯ ಸಲ ಹೋದಿರೋ ಇಲ್ಲವೋ, ಹೋಗಿ ಪಾಸಾದಿರೋ ಇಲ್ಲವೋ ಎಂದು ಇಷ್ಟು ದಿನ ಯೋಚಿಸುತ್ತಿದ್ದೆ. ಈಗ ಆ ಕುತೂಹಲ ಅಷ್ಟಾಗಿ ಇಲ್ಲ. ನಿಮ್ಮ ಅಪ್ಪಣೆ ಕೇಳದೆ ಇವತ್ತು ಒಂದು ಕೆಲಸ ಮಾಡಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಎರಡನೆಯ ನಪಾಸಿನ ಕೆಳಗೆ ಅರ್ಧ ಪುಟ ಜಾಗ ಇತ್ತು. ಅಲ್ಲಿ ಹನ್ನೆರಡನೆಯ ತಿಂಗಳ ಇಪ್ಪತ್ತಾರು ಎಂದು ದಿನಾಂಕ ಹಾಕಿ, "ಇಳಿಜಾರಿನಲ್ಲಿ ಕೈ ಬಿಟ್ಟೆ. ಕೇಳಿದಾಗ ಹೇಳಲಿಲ್ಲ. ನಪಾಸು" ಎಂದು ಬರೆದು, ಕೆಳಗೆ ರುಜು ಮಾಡಿದ್ದೇನೆ.

ಇಂತಿ ನಿಮ್ಮ
ಶಿವಲೀಲಾ